ಕಳಚಿ ಕಟ್ಟಿದ ಒಳಗಿನಮನೆ

ಕುಂದಾಪುರ ಸೀಮೆಯ ಹರ್ಕೂರಿನ ಒಳಗಿನಮನೆ ಇಂದು ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ನಿಂತಿದೆ. ಅದನ್ನು ಅಲ್ಲಿ ನಿಲ್ಲಿಸಿದ ವಿಜಯನಾಥ ಶೆಣೈ (ನಿಧನ 2017) ಸಿಂಡಿಕೇಟ್ ಬ್ಯಾಂಕಿನ ನೌಕರರಾಗಿದ್ದವರು. ವಾಸ್ತುಶಿಲ್ಪ ಅವರು ಕಣ್ಣಿನಿಂದ ಕಲಿತ ವಿದ್ಯೆ. ಉಡುಪಿಯಲ್ಲಿ ಸಂಗೀತ ಕಛೇರಿಗಳನ್ನು ನಡೆಸಿದರು, ಗುಜರಿಯ ದಾರಿ ಹಿಡಿದಿದ್ದ ಕಂಬ, ಬಾಗಿಲು, ಪಾತ್ರೆ, ಪಟಗಳನ್ನು ಕೂಡಿಟ್ಟರು, ಹಳೆಯ ಮರಮುಟ್ಟುಗಳಿಂದಲೇ ತಮ್ಮ ವಾಸದ ಮನೆ ಕಟ್ಟಿದರು. ಇವನ್ನು ಬಿಡಿಬಿಡಿ ಹವ್ಯಾಸಗಳೆಂದು ಎಣಿಸಿದರೆ ಅವರ ಕೆಲಸ ತಿಳಿಯುವುದಿಲ್ಲ. ಮನೆಯನ್ನು ಅದರ ಪಾತ್ರೆ, ಹಾಡು, ಹಬ್ಬಗಳ ಸಮೇತ ನೋಡುವ ದೃಷ್ಟಿ ಈ ಬಹುಬಗೆಯ ಆಸಕ್ತಿಯಿಂದಲೇ ಬಂತು. ಹಳೆಯ ಮನೆ ಉಳಿಸಲು ಬೇಕಾದದ್ದೂ ಅದೇ.

ಕುಂದಾಪುರ, ಬೈಂದೂರು, ಬ್ರಹ್ಮಾವರದ ದೊಡ್ಡ ಮನೆಗಳಿಗೆ ಆಧಾರವಾಗಿದ್ದದ್ದು ಗೇಣಿ ಅಕ್ಕಿ. ಮುರಕಲ್ಲಿನ ಗೋಡೆ, ಹಲಸಿನ ಕಂಬ, ಮರದ ಮುಚ್ಚಿಗೆಯ ಈ ಮನೆಗಳಿಗೆ ಪ್ರತಿ ಮಳೆಗಾಲಕ್ಕೆ ಮುಂಚೆ ಮಾಡಿನ ಹಂಚು ಸರಿಪಡಿಸುವ ಆಳುಗಳು ಬೇಕಿತ್ತು. 1974ರ ಭೂಸುಧಾರಣಾ ತಿದ್ದುಪಡಿ ಗೇಣಿಯನ್ನು ಕೊನೆಗಾಣಿಸಿತು, ಕೂಡುಕುಟುಂಬಗಳು ಪಾಲಾದವು, ಮಕ್ಕಳು ಬೊಂಬಾಯಿ, ಬೆಂಗಳೂರು ಸೇರಿದರು. ಹಂಚು ಜಾರಿದ ಕಡೆ ನಾಲ್ಕು ಮಳೆಗಾಲ ನೀರಿಳಿದರೆ ಪಕ್ಕಾಸು ಕುಂಬಾಗುತ್ತದೆ, ಆಮೇಲೆ ಗೋಡೆ ಕರಗುತ್ತದೆ. ಆ ಹೊತ್ತಿಗೆ ಮನೆಯ ಬೆಲೆ ಮರದ ಬೆಲೆಯಷ್ಟೇ. ಆದರೆ ಮರಕ್ಕೆ ಮರ ಕಚ್ಚಿಸಿ ಕಟ್ಟಿದ ಮನೆಗೆ ಒಂದು ಗುಣವಿದೆ: ಬಲ್ಲವರು ಅದನ್ನು ಮುರಿಯದೆ ಬಿಚ್ಚಬಹುದು, ಗುರುತು ಹಾಕಿ ಮತ್ತೆ ಜೋಡಿಸಬಹುದು. ಶೆಣೈ ನಂಬಿದ್ದು ಈ ಗುಣವನ್ನು.

ಗದ್ದೆ, ಬಾವಿ, ನಾಗಬನಗಳಿಂದ ಕಿತ್ತು ತಂದ ಮನೆ ಮನೆಯೇ ಎಂಬ ಆಕ್ಷೇಪ ಸುಳ್ಳಲ್ಲ. ನೆಲದ ನಂಟು ಕಳೆದುಹೋಗುತ್ತದೆ. ಮನೆಯನ್ನು ಇದ್ದಲ್ಲೇ ಉಳಿಸುವುದೇ ಮೇಲು. ಆದರೆ ಮರದ ವ್ಯಾಪಾರಿ ಅಂಗಳಕ್ಕೆ ಬಂದು ನಿಂತಾಗ ಆ ಆಯ್ಕೆ ಮುಗಿದಿರುತ್ತದೆ. ಆಗ ಉಳಿಯುವುದು ಬಿಚ್ಚುವುದೋ ಒಡೆಯುವುದೋ ಎಂಬ ಪ್ರಶ್ನೆ ಮಾತ್ರ. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಒಕ್ಕಲಿನ ಬೆವರಿನಿಂದ ಎದ್ದ ಧಣಿಗಳ ಮನೆಗೆ ನಾವೇಕೆ ಮರುಗಬೇಕು? ಗೇಣಿ ಹೋದದ್ದು ನ್ಯಾಯ, ಅದಕ್ಕೆ ಮರುಗಬೇಕಾದ್ದಿಲ್ಲ. ಆದರೆ ಆ ಕಂಬ ಕಡೆದವನು ಧಣಿಯಲ್ಲ, ಆಚಾರಿ. ಮರದ ನಾರು ಯಾವ ಕಡೆ ಓಡುತ್ತದೆ, ಮಳೆಗೆ ಎಷ್ಟು ಹಿಗ್ಗುತ್ತದೆ ಎಂಬ ಅವನ ಅರಿವಿಗೆ ಆ ಕಂಬವಲ್ಲದೆ ಬೇರೆ ದಾಖಲೆ ಇಲ್ಲ. ಮನೆ ಒಡೆದಾಗ ಅಳಿಯುವುದು ಅವನ ಬರಹ. ಶೆಣೈ ತಮ್ಮ ಕೆಲಸಕ್ಕೆ ಯಾವ ಮನೆತನದ ಹೆಸರನ್ನೂ ಇಡದೆ ಹಸ್ತಶಿಲ್ಪವೆಂದು ಕರೆದದ್ದು, ಆ ಕೈಗೆ ಸಲ್ಲಬೇಕಾದ ಗೌರವ.