ಎಡಗೈ, ಆಯುಷ್ಯ ಮತ್ತು ಗರಡಿಮನೆಯ ನೆನಪು

ಎಡಚರು ಅಲ್ಪಾಯುಷಿಗಳೆಂಬ ಮಾತಿಗೆ ಶಾಸ್ತ್ರದ ಮುದ್ರೆ ಬಿದ್ದದ್ದು ಆಟಗಾರರ ದಾಖಲೆಗಳಿಂದ. 1988ರಲ್ಲಿ ಸ್ಟ್ಯಾನ್ಲಿ ಕೋರೆನ್ ಮತ್ತು ಡಯೇನ್ ಹಾಲ್ಪರ್ನ್ ಅಮೆರಿಕದ ಬೇಸ್‌ಬಾಲ್ ಆಟಗಾರರ ಜನನ-ಮರಣದ ವಿವರಗಳನ್ನು ಪರಿಶೀಲಿಸಿ ಬಲಗೈಯವರೇ ದೀರ್ಘಾಯುಷಿಗಳೆಂದು ಪ್ರತಿಪಾದಿಸಿದರು. 1991ರಲ್ಲಿ ಕ್ಯಾಲಿಫೋರ್ನಿಯಾದ ಮೃತರ ಬಂಧುಗಳನ್ನು ವಿಚಾರಿಸಿ ಅವರು ಸೂಚಿಸಿದ ಅಂತರ ಒಂಬತ್ತು ವರ್ಷ!

ಈ ಅಂತರವನ್ನು ಒಪ್ಪುವುದು ಕಷ್ಟ. ಹಳೆಯ ತಲೆಮಾರಿನ ಎಡಚ ಮಕ್ಕಳನ್ನು ಗದರಿಸಿ ಬಲಗೈಗೆ ಹೊರಳಿಸಲಾಗುತ್ತಿತ್ತು. ಆದ್ದರಿಂದ ಮುಪ್ಪಿನಲ್ಲಿ ಮಡಿದವರಲ್ಲಿ ಎಡಚರೆಂದು ಗುರುತಾದವರು ವಿರಳ. ಹಾಗೆ ಗುರುತಾದವರಲ್ಲಿ ಕಿರಿಯ ತಲೆಮಾರಿನವರೇ ಹೆಚ್ಚು. ಸರಾಸರಿ ತಾನಾಗಿಯೇ ಕುಸಿಯುತ್ತದೆ. ಕ್ರಿಕೆಟ್ಟಿನ ದಾಖಲೆ ಇದಕ್ಕಿಂತ ವಿಶ್ವಾಸಾರ್ಹ, ಏಕೆಂದರೆ ಬೌಲರ್ ಯಾವ ಕೈಯಿಂದ ಚೆಂಡೆಸೆದನೆಂಬುದನ್ನು ಆಡುವ ಕಾಲದಲ್ಲಿಯೇ ಬರೆದಿಡಲಾಗಿದೆ. 1994ರಲ್ಲಿ ಪ್ರಕಟವಾದ ಇಂತಹ ಅಧ್ಯಯನದಲ್ಲಿ ಒಂಬತ್ತು ವರ್ಷದ ಅಂತರ ಸುಮಾರು ಎರಡಕ್ಕೆ ಇಳಿಯಿತು. ಅದಕ್ಕೂ ಅಪಘಾತ ಮತ್ತು ಯುದ್ಧದ ಸಾವುಗಳೇ ಬಹುಮಟ್ಟಿಗೆ ಕಾರಣವಾಗಿದ್ದವು.

ಧಾರವಾಡದಲ್ಲಿ 1876ರಲ್ಲಿ ಜನಿಸಿದ ಪಾಲ್ವಂಕರ್ ಬಾಲೂ ಎಡಗೈ ಸ್ಪಿನ್ನರ್. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಪಡೆದ ಈ ದಲಿತ ಆಟಗಾರ 1955ರವರೆಗೆ ಬದುಕಿದರು. ಒಬ್ಬರ ಆಯುಷ್ಯದಿಂದ ನಿಯಮ ಹುಟ್ಟದು, ನಿಜ. ಆದರೆ ಅವರ ಕೈ ಯಾವುದೆಂಬುದಾದರೂ ನಮಗೆ ತಿಳಿದಿದೆ.

ಅಂದು ಧಾರವಾಡದಂತೆಯೇ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ವಿಜಯಪುರ ಸೀಮೆಯ ಪೈಲವಾನರ ವಿಷಯದಲ್ಲಿ ಈ ಸೌಕರ್ಯವಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದ ಜಾತ್ರೆಯ ಕುಸ್ತಿಗಳಲ್ಲಿ ಗೆದ್ದವನ ಹೆಸರು ಉಳಿಯುತ್ತದೆ, ಬೆಳ್ಳಿಯ ಕಡಗ ಉಳಿಯುತ್ತದೆ. ಕೈಯ ಒಲವು ಉಳಿಯುವುದಿಲ್ಲ. ಮರಣದ ನೋಂದಣಿಯಲ್ಲಿ ಅದಕ್ಕೊಂದು ಕಲಮಿಲ್ಲ. ಹುಟ್ಟಿದ ದಿನವಂತೂ ಎಷ್ಟೋ ಹಿರಿಯರಿಗೆ ಶಾಲೆಯ ಮಾಸ್ತರರು ಬರೆದುಕೊಂಡ ಜೂನ್ 1! ಇಷ್ಟಲಿಂಗವನ್ನು ಎಡ ಅಂಗೈಯಲ್ಲಿರಿಸಿ ಪೂಜಿಸುವ ನಾಡಿನಲ್ಲಿಯೂ ಎಡಗೈಯಿಂದ ಉಣ್ಣುವ ಮಗುವಿಗೆ ಗದರಿಕೆ ತಪ್ಪಿಲ್ಲವೆಂಬುದು ವಿಚಿತ್ರವೇ ಸರಿ.

ಆದಕಾರಣ ಗರಡಿಯ ವಸ್ತಾದರನ್ನು ಸಂದರ್ಶಿಸುವವರು, ಮಡಿದ ಪೈಲವಾನ ಯಾವ ಕೈಯಲ್ಲಿ ಉಣ್ಣುತ್ತಿದ್ದನೆಂದು ಕೇಳಿ ಫಲವಿಲ್ಲ. ಬಲಗೈ ಎಂಬ ಉತ್ತರ ಮೊದಲೇ ಸಿದ್ಧವಿರುತ್ತದೆ. ಅಖಾಡದಲ್ಲಿ ಯಾವ ಕಾಲು ಮುಂದಿಡುತ್ತಿದ್ದ, ಸಂಗ್ರಾಣಿ ಕಲ್ಲನ್ನು ಯಾವ ಹೆಗಲಿಗೆ ಏರಿಸುತ್ತಿದ್ದ ಎಂದು ಕೇಳಬೇಕು. ಇವು ಕೈಯ ಒಲವಿಗೆ ನೇರ ಸಾಕ್ಷ್ಯವಲ್ಲವಾದರೂ, ಮನೆಯವರ ಗದರಿಕೆ ತಲುಪದ ತಾಣದ ಸಾಕ್ಷ್ಯ. ಅದನ್ನು ಕಂಡು ಬಲ್ಲವರು ಇರುವಾಗಲೇ ಈ ಕೆಲಸ ನಡೆಯಬೇಕಾಗಿದೆ.