ದಸರಾ ಜೊತೆ ಬಂದ ಸಭೆ

ದಸರಾ ಎಂದರೆ ನಮಗೆ ನೆನಪಾಗುವುದು ಜಂಬೂ ಸವಾರಿ, ಚಿನ್ನದ ಅಂಬಾರಿ, ದೀಪಗಳಿಂದ ಬೆಳಗುವ ಅರಮನೆ. 1881ರ ದಸರಾ ಸಮಯದಲ್ಲಿ ಮೈಸೂರಿನಲ್ಲಿ ಇನ್ನೊಂದು ಸಂಗತಿಯೂ ನಡೆಯಿತು. ಅದು ಪ್ರಜಾಪ್ರತಿನಿಧಿ ಸಭೆಯ ಮೊದಲ ಅಧಿವೇಶನ.

1831ರಿಂದ 50 ವರ್ಷ ಮೈಸೂರನ್ನು ಬ್ರಿಟಿಷರು ಆಳಿದ್ದರು. 1881ರ ಮಾರ್ಚ್‌ನಲ್ಲಿ ರಾಜ್ಯ ಮರಳಿ ಚಾಮರಾಜೇಂದ್ರ ಒಡೆಯರ ಕೈಗೆ ಬಂತು. ದಿವಾನರಾಗಿದ್ದವರು ರಂಗಾಚಾರ್ಲು. ಅದೇ ವರ್ಷ ಅವರು ಊರೂರಿನ ರೈತರು ಮತ್ತು ವ್ಯಾಪಾರಿಗಳ ಪೈಕಿ 144 ಜನರನ್ನು ಕರೆಸಿ, ಸರ್ಕಾರದ ಆದಾಯ ಮತ್ತು ಖರ್ಚಿನ ವಿವರ ಹೇಳಿ, ಅವರ ಅಹವಾಲು ಕೇಳಿದರು. ಹೇಗೂ ಜನ ದಸರಾಕ್ಕೆ ಬರುತ್ತಾರೆ. ಆದ್ದರಿಂದ ಹಳೆಯ ಹಬ್ಬವೇ ಹೊಸ ಸಭೆಗೆ ಜಾಗ ಮಾಡಿಕೊಟ್ಟಿತು. ಸಿಂಹಾಸನ ಹಾಗೆಯೇ ಉಳಿಯಿತು, ಅದರ ಮುಂದೆ ಪ್ರಜೆಗಳೂ ಮಾತನಾಡಿದರು.

ಇಂಗ್ಲೆಂಡಿನ ಸಂಸತ್ತಿನಲ್ಲಿದ್ದ ಎಡ್ಮಂಡ್ ಬರ್ಕ್ 1790ರಲ್ಲಿ ಫ್ರಾನ್ಸಿನ ಕ್ರಾಂತಿಯನ್ನು ಟೀಕಿಸಿ ಒಂದು ಪುಸ್ತಕ ಬರೆದರು. ಹಳೆಯದನ್ನೆಲ್ಲ ಒಮ್ಮೆಗೇ ಕಿತ್ತುಹಾಕಬಾರದು, ಆದರೆ ಅದನ್ನು ಉಳಿಸಬೇಕಾದರೆ ಆಗಾಗ ತಿದ್ದುತ್ತಲೂ ಇರಬೇಕು ಎಂಬುದು ಅವರ ವಾದದ ತಿರುಳು. ಸಂಪ್ರದಾಯವಾದಿ ರಾಜಕೀಯ ಚಿಂತನೆಯಲ್ಲಿ ವ್ಯವಹಾರ ಜ್ಞಾನದ ಪಾತ್ರ ಇದೇ. ನಮ್ಮ ಹಿರಿಯರ ಮನೆಗಳೂ ಹೀಗೆಯೇ ಉಳಿದವು. ಗೋಡೆ ಅದೇ ಇತ್ತು, ಹಾಳಾದ ಹೆಂಚನ್ನು ಮಾತ್ರ ಬದಲಿಸುತ್ತಿದ್ದರು.

ಆದರೆ ಈ ಕಥೆಗೆ ಇನ್ನೊಂದು ಮುಖವೂ ಇದೆ. ಆ ಸಭೆಗೆ ಕಾನೂನು ಮಾಡುವ ಅಧಿಕಾರ ಇರಲಿಲ್ಲ. 1891ರಲ್ಲಿ ಚುನಾವಣೆ ಬಂದರೂ ಎಲ್ಲರಿಗೂ ಮತ ಇರಲಿಲ್ಲ. ಸಭೆಗೆ ಕಾನೂನಿನ ಆಧಾರ ಸಿಕ್ಕಿದ್ದು 1923ರಲ್ಲಿ. ನಿಧಾನವಾಗಿ ಬದಲಾಗೋಣ ಎಂದು ಹೇಳುವುದು ಆಳುವವರಿಗೆ ಸುಲಭ, ಕಾಯುವವರಿಗೆ ಕಷ್ಟ. 1938ರ ಏಪ್ರಿಲ್‌ನಲ್ಲಿ ವಿದುರಾಶ್ವತ್ಥದಲ್ಲಿ ಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಹಲವರು ಪ್ರಾಣ ಕಳೆದುಕೊಂಡರು.

1947ರಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ 'ಮೈಸೂರು ಚಲೋ' ಚಳವಳಿ ನಡೆಯಿತು. ಅಕ್ಟೋಬರ್‌ನಲ್ಲಿ ಜಯಚಾಮರಾಜ ಒಡೆಯರು ಒಪ್ಪಿದರು, ಕೆ.ಸಿ. ರೆಡ್ಡಿ ಅವರ ಮಂತ್ರಿಮಂಡಲ ಬಂತು. ಅಧಿಕಾರ ಬಿಟ್ಟುಕೊಟ್ಟರೂ ಒಡೆಯರು ಗೌರವ ಕಳೆದುಕೊಳ್ಳಲಿಲ್ಲ. ಮುಂದೆ ಅವರು ರಾಜಪ್ರಮುಖರಾದರು, 1956ರಲ್ಲಿ ರಾಜ್ಯಪಾಲರೂ ಆದರು. ದಸರಾ ಇಂದಿಗೂ ನಡೆಯುತ್ತಿದೆ.

ನಾವಿರುವ ಕುವೈತ್‌ನಲ್ಲೂ 1962ರ ಸಂವಿಧಾನವು ಅಮೀರರ ವಂಶದ ಆಳ್ವಿಕೆಯನ್ನು ಉಳಿಸಿಕೊಂಡೇ ಚುನಾಯಿತ ಸಭೆಗೂ ಜಾಗ ಕೊಟ್ಟಿತು. ಮಹಿಳೆಯರಿಗೆ ಮತದ ಹಕ್ಕು ಸಿಕ್ಕಿದ್ದು ಮಾತ್ರ 2005ರಲ್ಲಿ. ಇಲ್ಲಿಯೂ ಕೆಲವರು ಹೆಚ್ಚು ಕಾಯಬೇಕಾಯಿತು.

ಹಳೆಯದನ್ನು ಉಳಿಸಲು ಬದಲಾಗುವುದು ಹೇಡಿತನವಲ್ಲ, ಜಾಣತನ ಎಂದು ನನಗನಿಸುತ್ತದೆ. ಆದರೆ ಜನ ಕೇಳಿದಾಗಲೇ ಬದಲಾಗಬೇಕು. ತಡವಾದರೆ ಆ ಜಾಣತನದ ಬೆಲೆಯನ್ನು ತೆರುವವರು ಬೇರೆಯವರು. ವಿದುರಾಶ್ವತ್ಥದಲ್ಲಿ ಆದದ್ದು ಅದೇ.