ನಿಮ್ಮ ಫೋನಿನ ಮೀಟರು ಎಲ್ಲಿದೆ?

ಈ ತಿಂಗಳ ಕರೆಂಟು ಬಿಲ್ಲು ಎಂದಿಗಿಂತ ಹೆಚ್ಚು ಬಂದಿದೆ ಎಂದಿಟ್ಟುಕೊಳ್ಳಿ. ನೀವು ಮೊದಲು ಮಾಡುವ ಕೆಲಸ ಯಾವುದು? ಗೋಡೆಯ ಮೇಲಿನ ಮೀಟರಿನ ಮುಂದೆ ಹೋಗಿ ನಿಲ್ಲುತ್ತೀರಿ. ಅದರ ಅಂಕಿಯನ್ನು ಬಿಲ್ಲಿನ ಅಂಕಿಯೊಂದಿಗೆ ತಾಳೆ ನೋಡುತ್ತೀರಿ. ಅನುಮಾನ ತೀರದಿದ್ದರೆ ಮನೆಯ ಸ್ವಿಚ್ಚುಗಳನ್ನೆಲ್ಲ ಆರಿಸಿ, ಆಗಲೂ ಮೀಟರು ಓಡುತ್ತಿದೆಯೇ ಎಂದು ಪರೀಕ್ಷಿಸುತ್ತೀರಿ. ಅಂಗಡಿಯ ತಕ್ಕಡಿ, ಪೆಟ್ರೋಲ್ ಬಂಕಿನ ಪಂಪು ಎಲ್ಲವೂ ಹೀಗೆಯೇ. ಅಳೆಯುವ ಉಪಕರಣ ಕೊಳ್ಳುವವನ ಕಣ್ಣೆದುರಿಗೇ ಇರುತ್ತದೆ.

ಫೋನಿನ ವಿಷಯ ಹಾಗಲ್ಲ. ನಮ್ಮ ಮಾತನ್ನು ಎಣಿಸುವ ಮೀಟರು ನಮ್ಮ ಮನೆಯಲ್ಲಿಲ್ಲ. ಬಿಲ್ಲು ಕಳಿಸುವವರೇ ಅದನ್ನು ಇಟ್ಟುಕೊಂಡಿರುತ್ತಾರೆ. ಫೋನ್ ಬಿಲ್ಲಿನ ಜಗಳಗಳು ಸುಮಾರು ನೂರು ವರ್ಷಗಳಿಂದ ಒಂದೇ ಬಗೆಯಲ್ಲಿ ನಡೆಯುತ್ತಿರುವುದಕ್ಕೆ ಇದೇ ಕಾರಣ ಎಂದು ನನ್ನ ಅಭಿಪ್ರಾಯ.

ಒಂದು ಉದಾಹರಣೆ ನೋಡಿ. ಅಹಮದಾಬಾದಿನ ಗ್ರಾಹಕರೊಬ್ಬರ ಮೊಬೈಲ್ ಬಿಲ್ಲು ತಿಂಗಳಿಗೆ ಸರಾಸರಿ 555 ರೂಪಾಯಿ ಬರುತ್ತಿತ್ತು. 2013ರ ನವೆಂಬರ್ 8ರಿಂದ ಡಿಸೆಂಬರ್ 7ರವರೆಗಿನ ಒಂದೇ ತಿಂಗಳಿಗೆ 24,609 ರೂಪಾಯಿ 51 ಪೈಸೆಯ ಬಿಲ್ಲು ಬಂತು. ಎಂದರೆ ಸುಮಾರು 44 ಪಟ್ಟು! ಅವರು ಜಿಲ್ಲಾ ಗ್ರಾಹಕರ ವೇದಿಕೆಗೆ ದೂರು ಕೊಟ್ಟರು. ಆ ದೂರನ್ನು ಯಾರು ಕೇಳಬೇಕು ಎಂಬ ಒಂದೇ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅದಕ್ಕೆ ಉತ್ತರ ಸಿಕ್ಕಿದ್ದು 2022ರಲ್ಲಿ. ಇಷ್ಟು ಸರಳವಾದ ದೂರಿಗೆ ಇಷ್ಟು ವರ್ಷ ಏಕೆ ಬೇಕಾಯಿತು ಎಂದು ತಿಳಿಯಲು ನಾವು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೊದಲ ಕಾಲದ ಟೆಲಿಫೋನಿನಲ್ಲಿ ಎಣಿಕೆಯ ಯಂತ್ರವೇ ಇರಲಿಲ್ಲ. ನೀವು ರಿಸೀವರ್ ಎತ್ತಿದರೆ ಎಕ್ಸ್‌ಚೇಂಜಿನಲ್ಲಿ ಕುಳಿತ ಆಪರೇಟರ್ ಕೇಳುತ್ತಿದ್ದರು, ತಂತಿ ಜೋಡಿಸುತ್ತಿದ್ದರು. ದೂರದ ಊರಿನ ಟ್ರಂಕ್ ಕರೆಯಾದರೆ ಒಂದು ಚೀಟಿಯಲ್ಲಿ ಯಾರಿಂದ, ಯಾರಿಗೆ, ಎಷ್ಟು ಹೊತ್ತು ಎಂದು ಬರೆದಿಡುತ್ತಿದ್ದರು. ತಪ್ಪು ಬರೆದಿರಬಹುದು, ಆದರೆ ಪ್ರತಿಯೊಂದು ಕರೆಗೂ ಒಂದು ದಾಖಲೆ ಇತ್ತು. ಬಿಲ್ಲನ್ನು ಪ್ರಶ್ನಿಸಿದರೆ ಆ ಚೀಟಿ ತೆಗೆದು ನೋಡಬಹುದಾಗಿತ್ತು.

ಆಪರೇಟರನ್ನು ಕೈಬಿಡುವ ಯಂತ್ರ ಹುಟ್ಟಿದ್ದೂ ಒಂದು ಅನುಮಾನದಿಂದಲೇ. ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಶವಸಂಸ್ಕಾರದ ವ್ಯಾಪಾರ ನಡೆಸುತ್ತಿದ್ದ ಆಲ್ಮನ್ ಸ್ಟ್ರೌಜರ್‌ಗೆ, ತನಗೆ ಬರಬೇಕಾದ ಕರೆಗಳನ್ನು ಆಪರೇಟರ್ ಬೇರೆಯವರಿಗೆ ತಿರುಗಿಸುತ್ತಿದ್ದಾರೆ ಎಂಬ ಸಂದೇಹವಿತ್ತು. ಅವನು ಪಡೆದ 1891ರ ಪೇಟೆಂಟಿನ ಆಧಾರದ ಮೇಲೆ 1892ರಲ್ಲಿ ಇಂಡಿಯಾನಾದ ಲಾ ಪೋರ್ಟ್ ಎಂಬಲ್ಲಿ ಸ್ವಯಂಚಾಲಿತ ಎಕ್ಸ್‌ಚೇಂಜು ಕೆಲಸ ಶುರುಮಾಡಿತು. ಮಧ್ಯದ ಮನುಷ್ಯ ಹೋದ. ಅವನೊಂದಿಗೆ ಚೀಟಿಯೂ ಹೋಯಿತು.

ಚೀಟಿಯ ಜಾಗಕ್ಕೆ ಬಂದದ್ದು ಚಂದಾದಾರರ ಮೀಟರು. ಅದರ ರಚನೆ ನಿಮ್ಮ ಪ್ರಯೋಗಶಾಲೆಯಲ್ಲಿ ಮಾಡಿ ತೋರಿಸಬಹುದಾದಷ್ಟು ಸರಳ. ಒಂದು ವಿದ್ಯುತ್ಕಾಂತ. ಅದರ ಸುರುಳಿಯಲ್ಲಿ ವಿದ್ಯುತ್ ಸ್ಪಂದವೊಂದು ಹರಿದಾಗ ಅದು ಕಬ್ಬಿಣದ ತುಂಡೊಂದನ್ನು ಸೆಳೆಯುತ್ತದೆ. ಅದಕ್ಕೆ ಸೇರಿದ ಕೊಕ್ಕೆ ಹಲ್ಲುಚಕ್ರವನ್ನು ಒಂದು ಹಲ್ಲಿನಷ್ಟು ಮುಂದಕ್ಕೆ ತಳ್ಳುತ್ತದೆ. ಚಕ್ರದ ಮೇಲೆ 0ಯಿಂದ 9ರವರೆಗೆ ಅಂಕಿಗಳು. ಹಳೆಯ ಕಾರಿನಲ್ಲಿ ಕಿಲೋಮೀಟರು ತೋರಿಸುವ ಅಂಕಿಗಳು ಉರುಳುವಂತೆಯೇ ಇಲ್ಲಿಯೂ. ಪ್ರತಿ ಚಂದಾದಾರನಿಗೆ ಒಂದರಂತೆ ಸಾವಿರಾರು ಮೀಟರುಗಳು ಎಕ್ಸ್‌ಚೇಂಜಿನ ಚೌಕಟ್ಟುಗಳಲ್ಲಿ ಸಾಲಾಗಿ ಕುಳಿತು ಟಿಕ್ ಟಿಕ್ ಎನ್ನುತ್ತಿದ್ದವು. ಈ ತಿಂಗಳ ಅಂಕಿಯಿಂದ ಹಿಂದಿನ ಅಂಕಿಯನ್ನು ಕಳೆದರೆ ಬಿಲ್ಲು ಸಿದ್ಧ.

ಸ್ಥಳೀಯ ಕರೆಗೆ ಒಂದು ಟಿಕ್ ಸಾಕು. ಆದರೆ ಚಂದಾದಾರನೇ ದೂರದ ಊರಿಗೆ ನೇರವಾಗಿ ಡಯಲ್ ಮಾಡುವುದಾದರೆ? ಬ್ರಿಟನ್ನಿನಲ್ಲಿ ಈ ಸೌಕರ್ಯ 1958ರ ಡಿಸೆಂಬರ್ 5ರಂದು ಬ್ರಿಸ್ಟಲ್‌ನಲ್ಲಿ ಆರಂಭವಾಯಿತು. ರಾಣಿ ಎರಡನೇ ಎಲಿಜಬೆತ್ ಎಡಿನ್‌ಬರೋ ನಗರದ ಮುಖ್ಯಸ್ಥರಿಗೆ ತಾನೇ ಡಯಲ್ ಮಾಡಿ 2 ನಿಮಿಷ 5 ಸೆಕೆಂಡು ಮಾತನಾಡಿದಳು. ನಮ್ಮಲ್ಲಿ 1960ರಲ್ಲಿ ಕಾನ್ಪುರ ಮತ್ತು ಲಕ್ನೋ ನಡುವೆ ಎಸ್‌ಟಿಡಿ ಬಂತು. ಹಳೆಯ ಮೀಟರಿಗೆ ದೂರವೂ ಗೊತ್ತಿಲ್ಲ, ಸಮಯವೂ ಗೊತ್ತಿಲ್ಲ, ಎಣಿಸುವುದೊಂದೇ ಗೊತ್ತು. ಇಂಜಿನಿಯರುಗಳು ಕಂಡುಕೊಂಡ ಉಪಾಯ ಇದು: ಒಂದು ಎಣಿಕೆಯ ಬೆಲೆಯನ್ನು ಹಾಗೇ ಇಡುವುದು, ದೂರ ಹೆಚ್ಚಾದಷ್ಟೂ ಸ್ಪಂದಗಳನ್ನು ಬೇಗ ಬೇಗ ಕಳಿಸುವುದು. ಪಕ್ಕದ ಜಿಲ್ಲೆಗೆ ಮಾತನಾಡಿದರೆ ಮೀಟರು ನಿಧಾನವಾಗಿ ನಡೆಯುತ್ತದೆ, ದೆಹಲಿಗೆ ಮಾತನಾಡಿದರೆ ಓಡುತ್ತದೆ. ರಾತ್ರಿ ದರ ಇಳಿಯುವವರೆಗೆ ಎಸ್‌ಟಿಡಿ ಬೂತಿನ ಮುಂದೆ ಸರದಿಯಲ್ಲಿ ನಿಂತವರಿಗೆ ಈ ಓಟದ ಪರಿಚಯ ಚೆನ್ನಾಗಿರುತ್ತದೆ. ಬೂತಿನಲ್ಲಾದರೋ ಕೆಂಪು ಅಂಕಿಗಳು ಎದುರಿಗೇ ಓಡುತ್ತಿದ್ದವು. ಎಕ್ಸ್‌ಚೇಂಜು 16 ಕಿಲೋಹರ್ಟ್ಸ್ ಆವೃತ್ತಿಯ ಸ್ಪಂದಗಳನ್ನು ಅದೇ ತಂತಿಯ ಮೇಲೆ ಕಳಿಸಬಹುದಾಗಿತ್ತು. ಫೋನಿನಲ್ಲಿ ಮಾತು ಸಾಗುವುದು ಸುಮಾರು 300ರಿಂದ 3400 ಹರ್ಟ್ಸ್ ಒಳಗೆ. ಆದ್ದರಿಂದ ಮಾತಿಗೆ ತೊಂದರೆಯಿಲ್ಲ. ಅಂದರೆ ಚಂದಾದಾರನ ಕಣ್ಣೆದುರಿಗೆ ಮೀಟರು ಇಡುವುದು ತಂತ್ರಜ್ಞಾನಕ್ಕೆ ಅಸಾಧ್ಯವೇನೂ ಆಗಿರಲಿಲ್ಲ!

ಇಲ್ಲಿ ಸಂಭವನೀಯತೆಯ ಒಂದು ಸೊಗಸಾದ ಲೆಕ್ಕವಿದೆ. ಬಿಟ್ಟು ಹೋಗಲು ಮನಸ್ಸಿಲ್ಲ. ಹೆಲ್ಸಿಂಕಿಯ ಇಂಜಿನಿಯರ್ ಕಾರ್ಲ್‌ಸನ್ ಹೆಸರಿನ ಪದ್ಧತಿಯೊಂದು ಯೂರೋಪಿನಲ್ಲಿ ಬಳಕೆಯಲ್ಲಿತ್ತು. ಇದರಲ್ಲಿ ಸ್ಪಂದಗಳು ಎಕ್ಸ್‌ಚೇಂಜಿನ ಗಡಿಯಾರದಿಂದ ಸಮನಾದ ಅಂತರದಲ್ಲಿ ಬರುತ್ತಲೇ ಇರುತ್ತವೆ. ನಿಮ್ಮ ಕರೆ ಯಾವಾಗ ಶುರುವಾಯಿತು ಎಂಬುದು ಅವಕ್ಕೆ ಬೇಡ. ಅಂತರ 60 ಸೆಕೆಂಡು, ನಿಮ್ಮ ಕರೆ 90 ಸೆಕೆಂಡು ಎನ್ನಿ. ಅದೃಷ್ಟವಿದ್ದರೆ ಆ ಅವಧಿಯಲ್ಲಿ ಒಂದೇ ಸ್ಪಂದ ಬೀಳುತ್ತದೆ, ಇಲ್ಲದಿದ್ದರೆ ಎರಡು. ಎರಡಕ್ಕೂ ಸಮಾನ ಸಾಧ್ಯತೆ, ಸರಾಸರಿ 1.5. ಮಾತನಾಡಿದ ಕಾಲ ನಿಖರವಾಗಿ ಅಷ್ಟೇ! ಇದರ ಬದಲು ‘ನಿಮಿಷ ತುಂಬದಿದ್ದರೂ ಪೂರ್ತಿ ನಿಮಿಷದ ದರ’ ಎಂಬ ಪದ್ಧತಿಯಲ್ಲಿ ಪ್ರತಿಸಲವೂ 2 ಎಣಿಕೆ. ಮೊದಲನೆಯದರಲ್ಲಿ ಒಂದೊಂದು ಕರೆಯ ಎಣಿಕೆ ಅನ್ಯಾಯವೆನಿಸಿದರೂ ಒಟ್ಟು ಮೊತ್ತ ನ್ಯಾಯವಾಗಿರುತ್ತದೆ. ಎರಡನೆಯದರಲ್ಲಿ ನಿಯಮ ಸ್ಪಷ್ಟ, ಆದರೆ ದೋಷ ಯಾವಾಗಲೂ ಒಂದೇ ಕಡೆಗೆ. ಯಾದೃಚ್ಛಿಕ ದೋಷ ಮತ್ತು ವ್ಯವಸ್ಥಿತ ದೋಷ ಎಂದು ನಾವು ಪಾಠ ಹೇಳುವುದು ಇದನ್ನೇ.

ನಿಜವಾದ ತೊಡಕು ಬೇರೆಡೆ ಇತ್ತು. ಮೀಟರಿಗೆ ಮೊತ್ತ ನೆನಪಿರುತ್ತದೆ, ಕೂಡಿದ ಸಂಖ್ಯೆಗಳು ನೆನಪಿರುವುದಿಲ್ಲ. 1,240 ಎಂಬ ಮೊತ್ತವನ್ನು ಕೊಟ್ಟು, ಇದರಲ್ಲಿ ಯಾವ ಯಾವ ಕರೆಗಳಿವೆ ಹೇಳಿ ಎಂದರೆ ಗಣಿತಜ್ಞನೂ ಹೇಳಲಾರ.

1990ರ ದಶಕದ ಆರಂಭದಲ್ಲಿ ನಮ್ಮ ಮನೆಗೂ ಹೀಗೊಂದು ಬಿಲ್ಲು ಬಂತು. ಎಂದಿನದಕ್ಕಿಂತ ಐದು ಪಟ್ಟು. ನಮ್ಮ ತಂದೆ ಶಾಲಾ ಮೇಷ್ಟರು. ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಕಛೇರಿಗೆ ಹೋದರೆ ಅಲ್ಲಿನ ಗುಮಾಸ್ತರು ಎರಡು ಅಂಕಿ ತೋರಿಸಿ, ‘ಮೀಟರು ಸುಳ್ಳು ಹೇಳಲ್ಲ ಮೇಷ್ಟ್ರೇ, ಮನೇಲಿ ಮಕ್ಕಳನ್ನ ಕೇಳಿ ನೋಡಿ’ ಎಂದರಂತೆ. ಮನೆಗೆ ಬಂದು ಅವರು ನನ್ನನ್ನು ಕೇಳಿದರು. ನಾನು ಮಾಡಿಲ್ಲ ಎಂದೆ. ನಂಬಿದರೋ ಇಲ್ಲವೋ, ದುಡ್ಡು ಕಟ್ಟಿದರು. ಆಮೇಲೆ ಫೋನಿನ ಪಕ್ಕದಲ್ಲಿ ದಾರ ಕಟ್ಟಿದ ಪೆನ್ಸಿಲ್ಲಿನೊಂದಿಗೆ ಒಂದು ನೋಟ್‌ಬುಕ್ ಬಂತು. ಯಾರು ಯಾರಿಗೆ ಎಷ್ಟು ಹೊತ್ತು ಮಾತನಾಡಿದರೂ ಅದರಲ್ಲಿ ಬರೆಯಬೇಕು. ಮೀಟರಿನ ದೋಷವೇ, ಬೀದಿಯ ಕಂಬದಲ್ಲಿ ಯಾರಾದರೂ ನಮ್ಮ ತಂತಿಗೆ ಕೈಹಾಕಿದ್ದರೇ, ನನಗೆ ಇಂದಿಗೂ ಗೊತ್ತಿಲ್ಲ. ಗೊತ್ತುಮಾಡಿಕೊಳ್ಳುವ ದಾರಿಯೇ ಇರಲಿಲ್ಲ. ನಮ್ಮ ನೋಟ್‌ಬುಕ್ಕನ್ನು ತಾಳೆ ನೋಡಲು ಅವರ ಬಳಿ ಇನ್ನೊಂದು ಪಟ್ಟಿ ಬೇಕಲ್ಲ? ವಿವಾದಿತ ಬಿಲ್ಲುಗಳಿಗೆ ಹಿಂದಿನ ಬಿಲ್ಲುಗಳ ಸರಾಸರಿಯ ಮೇಲೆ ಶೇಕಡಾ 10 ಸೇರಿಸಿ ತಾತ್ಕಾಲಿಕವಾಗಿ ಕಟ್ಟಿಸಿಕೊಳ್ಳುವ ಪದ್ಧತಿ ಇತ್ತು. ಅದು ಅಳತೆಯಲ್ಲ, ರಾಜಿ.

ಮರೆಯದ ಮೀಟರು ಸಾಧ್ಯವಿರಲಿಲ್ಲವೆಂದಲ್ಲ. ಅಮೆರಿಕದ ಬೆಲ್ ಕಂಪೆನಿ 1948ರಲ್ಲೇ ಪೆನ್ಸಿಲ್ವೇನಿಯಾದ ಮೀಡಿಯಾ ಎಂಬ ಊರಿನಲ್ಲಿ ಪ್ರತಿ ಕರೆಯ ವಿವರವನ್ನು ಕಾಗದದ ಪಟ್ಟಿಯ ಮೇಲೆ ತೂತುಗಳಾಗಿ ಕೊರೆದಿಡುವ ಯಂತ್ರವನ್ನು ಸ್ಥಾಪಿಸಿತ್ತು. ಆಪರೇಟರನ ಚೀಟಿ ಮತ್ತೆ ಹುಟ್ಟಿತು ಎನ್ನಿ. ಆದರೆ ನೆನಪಿಗೂ ಒಂದು ಬೆಲೆ ಇದೆ. ಬ್ರಿಟನ್ನಿನಲ್ಲಿ ಬಿಲ್ಲಿನ ದೂರುಗಳನ್ನು ಪರೀಕ್ಷಿಸಲು, ಡಯಲ್ ಮಾಡಿದ ಸಂಖ್ಯೆ ಮತ್ತು ಸಮಯವನ್ನು ಅಚ್ಚುಮಾಡುವ ಉಪಕರಣವೊಂದನ್ನು ತಂತಿಗೆ ಜೋಡಿಸುತ್ತಿದ್ದರು. ಆ ದಾಖಲೆಗಳು ಪೊಲೀಸರ ಕೈಗೂ ಹೋಗಬಹುದಾಗಿತ್ತು. 1984ರಲ್ಲಿ ಮ್ಯಾಲೋನ್ ಪ್ರಕರಣದಲ್ಲಿ ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯವು, ಚಂದಾದಾರನ ಒಪ್ಪಿಗೆಯಿಲ್ಲದೆ ಅವನ್ನು ಪೊಲೀಸರಿಗೆ ಕೊಡುವುದು ಖಾಸಗಿ ಬದುಕಿನಲ್ಲಿ ಹಸ್ತಕ್ಷೇಪ ಎಂದಿತು. ಬಿಲ್ಲು ಸರಿಯೇ ಎಂದು ನೋಡಲು ಇಟ್ಟ ಪಟ್ಟಿಯೇ ನೀವು ಯಾರೊಡನೆ ಮಾತನಾಡುತ್ತೀರಿ ಎಂಬುದನ್ನೂ ಹೇಳಿಬಿಡುತ್ತದೆ.

ನಮ್ಮ ದೇಶದಲ್ಲಿ ಹಳೆಯ ಮೀಟರಿನ ಕಾಲವೂ ಹೊಸದರ ಆರಂಭವೂ ಕರ್ನಾಟಕದೊಂದಿಗೆ ಹೆಣೆದುಕೊಂಡಿವೆ. 1948ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಅಂದರೆ ನಮ್ಮೆಲ್ಲರ ಐಟಿಐ, ಸ್ಟ್ರೌಜರ್ ಬಗೆಯ ಎಕ್ಸ್‌ಚೇಂಜುಗಳನ್ನು ತಯಾರಿಸಿತು. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ವಿನ್ಯಾಸಗೊಳಿಸಿದ ಗ್ರಾಮೀಣ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜು ಮೊದಲು ಕೆಲಸಮಾಡಿದ್ದು 1986ರಲ್ಲಿ, ಕಿತ್ತೂರಿನಲ್ಲಿ. ಎಲೆಕ್ಟ್ರಾನಿಕ್ ಎಕ್ಸ್‌ಚೇಂಜಿನಲ್ಲಿ ಮೀಟರು ಚಕ್ರವಲ್ಲ, ಸ್ಮೃತಿಕೋಶದಲ್ಲಿನ ಒಂದು ಸಂಖ್ಯೆ. ಮೊತ್ತದ ಬದಲು ಪ್ರತಿ ಕರೆಯ ವಿವರವನ್ನೂ ಬರೆದಿಡಬಹುದು. ನಮ್ಮ ತಂದೆಯ ನೋಟ್‌ಬುಕ್ಕಿಗೆ ಕೊನೆಗೂ ಒಂದು ಜೋಡಿ ಸಿಕ್ಕಂತಾಯಿತು.

1995ರ ಜುಲೈ 31ರಂದು ಜ್ಯೋತಿ ಬಸು ಕಲ್ಕತ್ತೆಯಿಂದ ದೆಹಲಿಯಲ್ಲಿದ್ದ ಸಂಪರ್ಕ ಸಚಿವ ಸುಖ್ ರಾಮ್ ಅವರಿಗೆ ಕರೆಮಾಡಿ ಮೊಬೈಲ್ ಯುಗವನ್ನು ಆರಂಭಿಸಿದರು. ಮೊಬೈಲಿನಲ್ಲಿ ಪ್ರತಿ ಕರೆಗೂ ದಾಖಲೆ ಇರುತ್ತದೆ. ಹಾಗಾದರೆ ಜಗಳ ಮುಗಿಯಬೇಕಿತ್ತಲ್ಲವೇ? ಮುಗಿಯಲಿಲ್ಲ. ಅಳೆಯುವ ವಸ್ತುವೇ ಬದಲಾಯಿತು. ಮಾತಿನ ನಿಮಿಷ ನಿಮಗೂ ಅರ್ಥವಾಗುವ ಮಾನ; ಇಂಟರ್ನೆಟ್ಟಿನ ಮೆಗಾಬೈಟನ್ನು ಯಾವ ಗಡಿಯಾರ ನೋಡಿ ಅಂದಾಜು ಮಾಡುತ್ತೀರಿ? ಜೇಬಿನಲ್ಲಿದ್ದ ಫೋನು ನಿಮಗೆ ತಿಳಿಯದಂತೆಯೇ ಮಾಹಿತಿ ತರಿಸಿಕೊಳ್ಳುತ್ತಿರುತ್ತದೆ. ಗಿಗಾಬೈಟ್ ಎಂದರೆ 100 ಕೋಟಿ ಬೈಟುಗಳೋ, 107,37,41,824 ಬೈಟುಗಳೋ ಎಂಬುದರಲ್ಲೇ ಶೇಕಡಾ 7ಕ್ಕೂ ಹೆಚ್ಚು ವ್ಯತ್ಯಾಸವಿದೆ. ದಾರಿಯಲ್ಲಿ ಕಳೆದುಹೋಗಿ ಮತ್ತೆ ಕಳಿಸಿದ ಪ್ಯಾಕೆಟ್ಟುಗಳನ್ನು ಜಾಲ ಎಣಿಸಬಹುದು, ನಿಮ್ಮ ಫೋನು ಎಣಿಸದಿರಬಹುದು. ವಿದೇಶಕ್ಕೆ ಹೋದಾಗಲಂತೂ ಎಣಿಸುವವರು ಅಲ್ಲಿನ ಕಂಪೆನಿ, ಬಿಲ್ಲು ಕೊಡುವವರು ಇಲ್ಲಿನ ಕಂಪೆನಿ. ಅಲ್ಲಿಂದ ದಾಖಲೆ ತಡವಾಗಿ ಬರುವಷ್ಟರಲ್ಲಿ ಮೊತ್ತ ಬೆಳೆದಿರುತ್ತದೆ. ಯೂರೋಪಿನ ಒಕ್ಕೂಟ 2010ರ ಜುಲೈ 1ರಿಂದ, ಗ್ರಾಹಕ ಬೇರೆ ಮಿತಿ ಕೇಳದಿದ್ದರೆ ರೋಮಿಂಗ್ ಇಂಟರ್ನೆಟ್ಟಿನ ಬಿಲ್ಲು ತಿಂಗಳಿಗೆ 50 ಯೂರೋ ಮುಟ್ಟಿದೊಡನೆ ಸಂಪರ್ಕವನ್ನೇ ಕಡಿಯಬೇಕೆಂದು ನಿಯಮ ಮಾಡಿತು. ಮೀಟರನ್ನು ಗ್ರಾಹಕನಿಗೆ ತೋರಿಸಲಾಗದಿದ್ದರೆ ಅದಕ್ಕೊಂದು ಫ್ಯೂಸನ್ನಾದರೂ ಹಾಕಿ ಎಂದಂತೆ!

ನಮ್ಮಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಟ್ರಾಯ್, 2006ರಲ್ಲಿ ಬೇರೆ ದಾರಿ ಹಿಡಿಯಿತು. ಕಂಪೆನಿಗಳ ಎಣಿಕೆ ಮತ್ತು ಬಿಲ್ಲಿನ ವ್ಯವಸ್ಥೆಯನ್ನು ಪ್ರತಿವರ್ಷ ಹೊರಗಿನ ಲೆಕ್ಕ ಪರಿಶೋಧಕರಿಂದ ತಪಾಸಣೆ ಮಾಡಿಸಬೇಕೆಂಬ ನಿಯಮ ಬಂತು. 2023ರಲ್ಲಿ ಅದರ ಹೊಸ ರೂಪವೂ ಬಂದಿದೆ. ಅಂಗಡಿಯ ತಕ್ಕಡಿಗೆ ಸರ್ಕಾರದ ಮುದ್ರೆ ಹಾಕಿದಂತೆ. ಒಳ್ಳೆಯದೇ. ಆದರೆ ಲಕ್ಷಾಂತರ ಬಿಲ್ಲುಗಳ ಸರಾಸರಿ ಸರಿಯಿದ್ದ ಮಾತ್ರಕ್ಕೆ ನಿಮ್ಮ ಒಂದು ಬಿಲ್ಲು ಸರಿ ಎಂದಾಗುವುದಿಲ್ಲ. ಆ ಒಂದನ್ನು ಎಲ್ಲಿ ಪ್ರಶ್ನಿಸಬೇಕು?

ಇಲ್ಲಿ ಅಡ್ಡ ನಿಂತಿದ್ದು 1885ರ ಭಾರತೀಯ ಟೆಲಿಗ್ರಾಫ್ ಕಾಯ್ದೆ. ಅದರ 7ಬಿ ಕಲಮಿನ ಪ್ರಕಾರ ಇಂಥ ವಿವಾದಗಳನ್ನು ಪಂಚಾಯ್ತಿದಾರರು ತೀರ್ಮಾನಿಸಬೇಕು, ಅವರನ್ನು ಕೇಂದ್ರ ಸರ್ಕಾರ ನೇಮಿಸಬೇಕು, ಅವರ ತೀರ್ಪನ್ನು ಯಾವ ನ್ಯಾಯಾಲಯದಲ್ಲೂ ಪ್ರಶ್ನಿಸುವಂತಿಲ್ಲ. ಫೋನು ನಡೆಸುತ್ತಿದ್ದದ್ದು ಸರ್ಕಾರವೇ ಆಗಿದ್ದ ಕಾಲದಲ್ಲಿ ಮೀಟರೂ ಅವರದು, ಪಂಚರೂ ಅವರದು! ಆದರೂ ಜನ ಗ್ರಾಹಕರ ವೇದಿಕೆಗಳಿಗೆ ಹೋಗುತ್ತಿದ್ದರು. 2009ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟು, ಕೇರಳದಿಂದ ಬಂದ ಪ್ರಕರಣವೊಂದರಲ್ಲಿ, 7ಬಿ ಇರುವುದರಿಂದ ಫೋನ್ ಬಿಲ್ಲಿನ ದೂರುಗಳನ್ನು ಗ್ರಾಹಕರ ವೇದಿಕೆ ಕೇಳುವಂತಿಲ್ಲ ಎಂದುಬಿಟ್ಟಿತು. ಅಹಮದಾಬಾದಿನ ಆ 24,609 ರೂಪಾಯಿ ಸಿಕ್ಕಿಕೊಂಡಿದ್ದು ಇಲ್ಲಿಯೇ.

2022ರ ಫೆಬ್ರವರಿ 16ರಂದು ಮೂವರು ನ್ಯಾಯಮೂರ್ತಿಗಳ ಪೀಠ ಬೇರೆ ತೀರ್ಮಾನಕ್ಕೆ ಬಂತು. ಗ್ರಾಹಕ ಸಂರಕ್ಷಣಾ ಕಾಯ್ದೆ ಇನ್ನೊಂದು, ಹೆಚ್ಚುವರಿಯಾದ ದಾರಿ; ಹಳೆಯ ಕಲಮು ಅದನ್ನು ಮುಚ್ಚುವುದಿಲ್ಲ; ಯಾವ ದಾರಿ ಹಿಡಿಯಬೇಕೆಂಬುದು ಗ್ರಾಹಕನ ಆಯ್ಕೆ ಎಂದಿತು. 2019ರ ಗ್ರಾಹಕ ಕಾಯ್ದೆಯಲ್ಲಿ ದೂರಸಂಪರ್ಕ ಎಂಬ ಪದವೇ ಸೇರಿದೆ. ಟೆಲಿಗ್ರಾಫ್ ಕಾಯ್ದೆಯ ಜಾಗಕ್ಕೆಂದು ಮಾಡಿದ 2023ರ ದೂರಸಂಪರ್ಕ ಕಾಯ್ದೆಯೂ ಈ ಹಕ್ಕನ್ನು ಹಾಗೆಯೇ ಉಳಿಸಿದೆ.

ಆ ತೀರ್ಪು ಬಿಲ್ಲು ಸರಿಯೋ ತಪ್ಪೋ ಎಂದು ಹೇಳಲಿಲ್ಲ ಎಂಬುದನ್ನು ಗಮನಿಸಿ. ಯಾರು ಎಣಿಸಿ ನೋಡಬಹುದು ಎಂದಷ್ಟೇ ಹೇಳಿತು.

ಇನ್ನು ಒಂದು ಚಿಕ್ಕ ಪ್ರಯೋಗ. ನಿಮ್ಮ ವಿದ್ಯಾರ್ಥಿಗಳಲ್ಲಿ ಹತ್ತು ಮಂದಿ ತಮ್ಮ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಕಾಣುವ ಡೇಟಾ ಲೆಕ್ಕವನ್ನು ತಿಂಗಳ ಪೂರ್ತಿ ಪ್ರತಿ ರಾತ್ರಿ ಒಂದೇ ವೇಳೆಗೆ ಬರೆದಿಡಲಿ. ವೈಫೈ ಲೆಕ್ಕ ಬೇರೆ ಇರಲಿ. ಕಂಪೆನಿ ತೋರಿಸುವ ಬಳಕೆಯನ್ನು ಅದರ ಪಕ್ಕದಲ್ಲಿ ಬರೆದು ನಕ್ಷೆ ಎಳೆಯಲಿ. ವ್ಯತ್ಯಾಸ ಸೊನ್ನೆಯ ಎರಡೂ ಕಡೆ ಹರಡಿದೆಯೇ, ಒಂದೇ ಕಡೆಗೆ ವಾಲಿದೆಯೇ ಎಂದು ನೋಡಿ. ನೋಟ್‌ಬುಕ್ಕಿಗೆ ಪೆನ್ಸಿಲ್ಲನ್ನು ದಾರದಲ್ಲಿ ಕಟ್ಟಿಡುವುದು ಒಳ್ಳೆಯದು. ನಮ್ಮ ಮನೆಯಲ್ಲಿ ಅದು ಮೂರು ಸಲ ಕಳೆದುಹೋಗಿತ್ತು.